ಕೇಳಿದ್ದರೆ ಹೇಳುತ್ತಿದ್ದೆ

ಅವನ ಅಂಗಿಯ ತೋಳಿಗೆ ಸೈಕಲ್ ಪಂಕ್ಚರ್ ಹಾಕುವ ಸಲ್ಯೂಷನ್ನಿನ ವಾಸನೆ ಅಂಟಿಕೊಂಡಿತ್ತು. ಹತ್ತನೇ ತರಗತಿ, ಹಿಂದಿನ ಬೆಂಚು, ಮಧ್ಯಾಹ್ನ ಊಟದ ನಂತರದ ಪೀರಿಯಡ್ಡು. ನಾನು ಬೋರ್ಡಿನ ಮೇಲೆ ಕಣ್ಣಿನ ಚಿತ್ರ ಬರೆದು ಮಸೂರದ ಪಾಠ ಮಾಡುತ್ತಿದ್ದೆ. ಅವನು ತೋಳಿನೊಳಗೆ ಮುಖ ಹುದುಗಿಸಿ ಮಲಗಿದ್ದ. ಎಬ್ಬಿಸಿದರೆ ಕಣ್ಣು ಕೆಂಡ, ಮಾತು ತೊದಲು, ಮೂಗಿನ ಸುತ್ತ ಒಡೆದ ಚರ್ಮ. ಚೀಲ ತಡಕಿದೆ. ಜಾಮಿಟ್ರಿ ಬಾಕ್ಸಿನಲ್ಲಿ ಹಿಂಡಿ ಮುಗಿಸಿದ ಎರಡು ಟ್ಯೂಬು, ಗಟ್ಟಿಯಾಗಿ ಹೋಗಿದ್ದ ಒಂದು ಕರ್ಚೀಫು ಸಿಕ್ಕಿದವು.

ಮುಂದಿನದೆಲ್ಲ ಸಂಜೆಯ ಗಂಟೆ ಹೊಡೆಯುವುದರೊಳಗೆ ಮುಗಿದುಹೋಯಿತು. ಹೆಡ್‌ಮಾಸ್ತರರ ಕೋಣೆ, ಅಪ್ಪನಿಗೆ ಕರೆ, ಅಪ್ಪ ಬಂದವನೇ ಎಲ್ಲರೆದುರು ಕಾಲಿನ ಚಪ್ಪಲಿ ಕೈಗೆ ತೆಗೆದುಕೊಂಡದ್ದು. ಮಾರನೆಯ ದಿನ ಟಿ.ಸಿ. ಬರೆದಾಯಿತು. ತರಗತಿ ಮೇಷ್ಟ್ರಾಗಿ ನಾನೂ ಸಹಿ ಹಾಕಿದೆ. ಉಳಿದ ಮಕ್ಕಳು ಹಾಳಾಗಬಾರದು ಎಂಬ ಕಾರಣವಿತ್ತು, ಅದನ್ನು ಆ ದಿನ ನಾನು ಪೂರ್ತಿಯಾಗಿ ನಂಬಿದ್ದೆ.

ಆಮೇಲೆ ಅವನನ್ನು ಬಸ್‌ಸ್ಟ್ಯಾಂಡಿನಲ್ಲಿ ಒಂದೆರಡು ಸಲ ನೋಡಿದ್ದುಂಟು. ಅವನು ಮುಖ ತಿರುಗಿಸಿದ. ನಾನೂ ತಿರುಗಿಸಿದೆ. ಹದಿನೈದು ವರ್ಷ ಕಳೆದ ಮೇಲೆ, ನಾನು ರಿಟೈರಾಗಿ ಮನೆಯಲ್ಲಿದ್ದಾಗ, ಒಂದು ಸಂಜೆ ಅವನೇ ಹುಡುಕಿಕೊಂಡು ಬಂದ. ಊರಾಚೆ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ. ಮಗಳನ್ನು ಶಾಲೆಗೆ ಸೇರಿಸಬೇಕಿತ್ತು, ಯಾವ ಶಾಲೆ ಒಳ್ಳೆಯದು ಎಂದು ಕೇಳಲು ಬಂದಿದ್ದ. ಕಾಫಿ ಕುಡಿದು ಎದ್ದವನು ಮೆಟ್ಟಿಲ ಮೇಲೆ ನಿಂತು ಹೇಳಿದ: "ಸಾರ್, ಮನೇಲಿ ರಾತ್ರಿ ಅಪ್ಪ ಕುಡಿದು ಬಂದು ಅಮ್ಮನ್ನ ಹೊಡೀತಿದ್ದ. ಅದನ್ನ ಮೂಸಿದ್ರೆ ಆ ಗಲಾಟೆ ಎಲ್ಲೋ ಪಕ್ಕದ ಊರಲ್ಲಿ ಆಗ್ತಿದೆ ಅನ್ನೋ ಹಾಗೆ ಕೇಳ್ತಿತ್ತು. ಅವತ್ತು ನೀವು ಯಾಕೋ ಅಂತ ಕೇಳಿದ್ದಿದ್ರೆ ಹೇಳ್ತಿದ್ದೆ."

ಮೂವತ್ತೆರಡು ವರ್ಷ ಪಾಠ ಮಾಡಿದ್ದೇನೆ. ಇಂದು ಎಸ್ಸೆಸ್ಸೆಲ್ಸಿ ಮುಗಿಸಿ ಪಿಯುಸಿಗೆಂದು ಶಿವಮೊಗ್ಗಕ್ಕೋ ಮಂಗಳೂರಿಗೋ ಬೆಂಗಳೂರಿಗೋ ಹೊರಟಿರುವ ಮಗುವೇ, ನಿನಗೆ ಹೇಳಬೇಕಾದದ್ದನ್ನು ಆ ಒಂದು ಮಾತಿನಿಂದ ಶುರುಮಾಡುತ್ತಿದ್ದೇನೆ. ಚಟ ಬೆಳೆಯುವುದು ಗುಟ್ಟಿನಲ್ಲಿ. ಆ ಗುಟ್ಟು ಬಿಚ್ಚಿಕೊಳ್ಳಲು ನಿನಗೆ ಒಬ್ಬರಾದರೂ ಇರಬೇಕು. ನಿನ್ನ ಟ್ರಂಕಿನಲ್ಲಿ ಹೊದಿಕೆ, ತಟ್ಟೆ, ಉಪ್ಪಿನಕಾಯಿ ಡಬ್ಬಿ ಎಲ್ಲ ತುಂಬಿಸಿದ್ದಾರೆ. ಈ ಒಬ್ಬರು ಯಾರು ಎಂಬುದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ.

ಜೂನ್ 26ರಂದು ನಿನ್ನನ್ನು ಬಿಸಿಲಿನಲ್ಲಿ ನಿಲ್ಲಿಸಿ ಮಾದಕ ವಸ್ತು ವಿರೋಧಿ ಪ್ರತಿಜ್ಞೆ ಹೇಳಿಸಿದ್ದೇವೆ. ಫಲಕ ಹಿಡಿಸಿ ಬಜಾರಿನ ತುಂಬ ಜಾಥಾ ನಡೆಸಿದ್ದೇವೆ. ಅದು ಕೂಡದು ಎಂದಲ್ಲ. ಆದರೆ ಆ ಫಲಕದ ಮೇಲಿದ್ದ ತಲೆಬುರುಡೆಯ ಚಿತ್ರ ನಿನಗೆ ಒಂದು ತಪ್ಪು ಕಲ್ಪನೆ ಕೊಟ್ಟಿರಬಹುದು. ಅಮಲು ನಿನ್ನೆದುರಿಗೆ ತಲೆಬುರುಡೆಯ ಮುಖದಲ್ಲಿ ಬರುವುದಿಲ್ಲ. ನಿನ್ನ ತಟ್ಟೆಯಿಂದ ಚಪಾತಿ ಎಳೆದು ತಿಂದ ಗೆಳೆಯನ ಮುಖದಲ್ಲಿ ಬರುತ್ತದೆ. ರ‍್ಯಾಗಿಂಗ್ ದಿನಗಳಲ್ಲಿ ನಿನ್ನನ್ನು ಕಾಪಾಡಿದ ಸೀನಿಯರ್ ಆಗಿರಬಹುದು, ಮ್ಯಾಚ್ ಗೆದ್ದ ಸಂಜೆ ಹೆಗಲ ಮೇಲೆ ಕೈ ಹಾಕಿದವನಾಗಿರಬಹುದು. ಬರ್ತ್‌ಡೇ ರಾತ್ರಿ ಹಾಸ್ಟೆಲ್ಲಿನ ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಮರೆಯಲ್ಲಿ, ಬಹಳ ಪ್ರೀತಿಯಿಂದ ಕೊಡುತ್ತಾರೆ. ಅದಕ್ಕೇ ಬೇಡ ಎನ್ನುವುದು ಕಷ್ಟ. ಶತ್ರುವಿಗೆ ಬೇಡ ಎನ್ನಲು ಯಾರಿಗೂ ತರಬೇತಿ ಬೇಕಾಗಿಲ್ಲ. ಗೆಳೆಯನಿಗೆ ಬೇಡ ಎನ್ನುವುದನ್ನು ಕಲಿಯಬೇಕು.

ಅದಕ್ಕೊಂದು ರೀತಿ ಇದೆ. ಬೇಡ ಎನ್ನುವಾಗ ಕಾರಣ ಕೊಡಬೇಡ. ಅಮ್ಮ ಬೈತಾಳೆ ಎಂದರೆ, ಅಮ್ಮಂಗೆ ಹೇಗೆ ಗೊತ್ತಾಗತ್ತೆ ಎನ್ನುತ್ತಾರೆ. ನಾಳೆ ಟೆಸ್ಟ್ ಇದೆ ಎಂದರೆ, ಟೆಸ್ಟ್ ಆದ್ಮೇಲೆ ಎನ್ನುತ್ತಾರೆ. ನೀನು ಕೊಟ್ಟ ಪ್ರತಿ ಕಾರಣಕ್ಕೂ ಅವರ ಬಳಿ ಉತ್ತರ ಸಿದ್ಧವಿರುತ್ತದೆ, ಏಕೆಂದರೆ ಅವರೂ ಹಿಂದೆ ಅದೇ ಕಾರಣಗಳನ್ನು ಯಾರಿಗೋ ಹೇಳಿದವರು. "ನಂಗೆ ಬೇಡ ಕಣೋ" ಎಂದಷ್ಟೇ ಹೇಳಿ ಮಾತು ಬೇರೆ ಕಡೆ ತಿರುಗಿಸು. ಎರಡನೇ ಸಲವೂ ಅದನ್ನೇ ಹೇಳು. ಮೂರನೇ ಸಲಕ್ಕೆ ಎದ್ದು ಕೆಳಗಿಳಿದು ಬಾ. ಹೆಣ್ಣುಮಗಳಿಗೂ ಇದೇ ಮಾತು. ನಿನ್ನನ್ನು ಯಾರೂ ಕೇಳುವುದಿಲ್ಲ ಎಂದು ನಿನ್ನ ಮನೆಯವರು ತಿಳಿದಿದ್ದಾರೆ, ಆದ್ದರಿಂದಲೇ ನಿನಗೆ ಯಾರೂ ಏನೂ ಹೇಳಿರುವುದಿಲ್ಲ. ಲೇಡೀಸ್ ಹಾಸ್ಟೆಲ್ಲಿನಲ್ಲೂ ವೇಪ್ ಇರುತ್ತದೆ, ಮಾತ್ರೆಗಳಿರುತ್ತವೆ. ಹಣ್ಣಿನ ಪರಿಮಳದ ಹೊಗೆ ಎಂದು ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡ. ಅದರೊಳಗೆ ಇರುವುದು ನಿಕೋಟಿನ್. ಇ-ಸಿಗರೇಟು ಮಾರುವುದನ್ನು ನಮ್ಮ ದೇಶ 2019ರಲ್ಲೇ ನಿಷೇಧಿಸಿದೆ.

ನಾನು ವಿಜ್ಞಾನದ ಮೇಷ್ಟ್ರು. ಒಳಗೆ ಏನಾಗುತ್ತದೆ ಎಂಬುದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಮೆದುಳಿನ ಆಳದಲ್ಲಿ ಒಂದು ಪುಟ್ಟ ಭಾಗವಿದೆ. ಹಸಿದಾಗ ಉಂಡರೆ, ಗೆಳೆಯರೊಡನೆ ನಕ್ಕರೆ, ಲೆಕ್ಕ ಬಿಡಿಸಿ ಉತ್ತರ ಸರಿಬಂದರೆ ಅಲ್ಲಿ ಡೋಪಮಿನ್ ಎಂಬ ರಾಸಾಯನಿಕ ಸ್ರವಿಸಿ, ಇದು ಚೆನ್ನಾಗಿದೆ, ಇನ್ನೊಮ್ಮೆ ಮಾಡು ಎಂದು ನೆನಪಿಡಿಸುತ್ತದೆ. ಹಣೆಯ ಹಿಂದೆ ಇನ್ನೊಂದು ಭಾಗ: ತಡಿ, ಆಮೇಲೆ ಏನಾಗುತ್ತದೆ ಯೋಚಿಸು ಎನ್ನುವುದು ಅದರ ಕೆಲಸ. ಮೊದಲನೆಯದು ಹದಿಮೂರು ಹದಿನಾಲ್ಕಕ್ಕೇ ಜೋರಾಗಿ ಕೆಲಸಕ್ಕಿಳಿಯುತ್ತದೆ. ಎರಡನೆಯದು ಪೂರ್ತಿ ಬಲಿಯುವುದು ಹೆಚ್ಚುಕಡಿಮೆ ಇಪ್ಪತ್ತೈದಕ್ಕೆ. ನಡುವಿನ ಈ ಹತ್ತು ಹನ್ನೆರಡು ವರ್ಷ ನಿನ್ನದು. ತೋಟದ ಮನೆಯ ಮಕ್ಕಳಿಗೆ ಇದು ಬೇಗ ತಿಳಿಯುತ್ತದೆ. ಎಳೆ ಅಡಿಕೆ ಸಸಿಗೆ ಬಿಸಿಲು ಹೊಡೆಯಬಾರದೆಂದು ಪಕ್ಕದಲ್ಲಿ ಬಾಳೆ ನೆಡುತ್ತೇವೆ. ಸಸಿ ಕೆಟ್ಟದ್ದೆಂದಲ್ಲ, ಎಳೆಯದೆಂದು.

ಸಿಗರೇಟಿನ ಒಂದು ದಮ್ಮು ಎಳೆದರೆ ನಿಕೋಟಿನ್ ಮೆದುಳು ತಲುಪಲು ಹತ್ತಿಪ್ಪತ್ತು ಸೆಕೆಂಡು ಸಾಕು. ಊಟ, ನಗು, ಸರಿಬಂದ ಲೆಕ್ಕ ಇವೆಲ್ಲ ಕೊಡುವುದಕ್ಕಿಂತ ಹೆಚ್ಚಿನ ಡೋಪಮಿನ್ನನ್ನು ಅಮಲು ಪುಕ್ಕಟೆಯಾಗಿ ಸುರಿಸುತ್ತದೆ. ಮೆದುಳು ಅಷ್ಟನ್ನು ತಡೆಯಲಾರದೆ ತನ್ನನ್ನು ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳುತ್ತದೆ. ಆಮೇಲೆ ಅದಿಲ್ಲದಿದ್ದರೆ ಊಟ ಸಪ್ಪೆ, ಆಟ ಸಪ್ಪೆ, ಮನೆಯವರ ಮಾತು ಕಿರಿಕಿರಿ. ಮೊದಲು ಖುಷಿಗೆಂದು ಎಳೆದವನು ಕೆಲವೇ ತಿಂಗಳಲ್ಲಿ ಸುಮ್ಮನೆ ಮಾಮೂಲಾಗಿರುವುದಕ್ಕೆಂದೇ ಎಳೆಯಬೇಕಾಗುತ್ತದೆ. ಹದಿನೈದಕ್ಕೆ ಶುರುಮಾಡಿದವನು ಇಪ್ಪತ್ತೈದಕ್ಕೆ ಶುರುಮಾಡಿದವನಿಗಿಂತ ಬೇಗ ಸಿಕ್ಕಿಬೀಳುವುದು ಇದಕ್ಕೇ. "ನಂಗೆ ಕಂಟ್ರೋಲ್ ಇದೆ ಸಾರ್" ಎಂದು ಎಷ್ಟು ಹುಡುಗರು ನನಗೆ ಹೇಳಿದ್ದಾರೋ! ಸುಳ್ಳು ಹೇಳಿದರು ಎಂದು ಆಗ ಸಿಟ್ಟಾಗುತ್ತಿದ್ದೆ. ಅವರು ಸುಳ್ಳು ಹೇಳಿರಲಿಲ್ಲ. ಕಂಟ್ರೋಲ್ ಮಾಡಬೇಕಾದ ಭಾಗವೇ ಇನ್ನೂ ಕಟ್ಟುತ್ತಿರುವಾಗ, ಕಟ್ಟಿ ಮುಗಿದಿದೆ ಎಂದು ಅವರಿಗೆ ಅನ್ನಿಸಿತ್ತು, ಅಷ್ಟೆ.

ಇನ್ನೊಂದು ಮಾತು ನಮ್ಮ ಮನೆಯ ಬಗ್ಗೆಯೇ ಹೇಳಬೇಕು. ನಮ್ಮದು ಅಡಿಕೆಯ ಸೀಮೆ. ನನ್ನ ಓದು, ತಂಗಿಯರ ಮದುವೆ, ಈ ಮನೆಯ ಮಾಡು ಎಲ್ಲ ಅಡಿಕೆಯದು. ಚಿಕ್ಕವನಿದ್ದಾಗ ಸುಗ್ಗಿಯಲ್ಲಿ ರಾತ್ರಿಯಿಡೀ ಅಡಿಕೆ ಸುಲಿಯುತ್ತಿದ್ದರು. ಸಾಲಾಗಿ ಮೆಟ್ಟುಗತ್ತಿ, ಗ್ಯಾಸ್‌ಲೈಟು, ನಡುವೆ ಕವಳದ ತಟ್ಟೆ. ನಿದ್ದೆ ತೂಗುವ ಹುಡುಗರಿಗೆ ದೊಡ್ಡವರೇ ನಗುತ್ತ ಒಂದು ಚೂರು ಹೊಗೆಸೊಪ್ಪು ಮುರಿದುಕೊಡುತ್ತಿದ್ದರು. ನಿದ್ದೆ ಹೋಗಲಿ ಎಂದು. ನನಗೂ ಕೊಟ್ಟಿದ್ದರು. ತಲೆ ಗಿರ್ರೆಂದು ತಿರುಗಿ ಅಂಗಳದ ಮೂಲೆಯಲ್ಲಿ ವಾಂತಿ ಮಾಡಿಕೊಂಡೆ, ಎಲ್ಲರೂ ನಕ್ಕರು. ಹಾಗೆ ನಕ್ಕವರಲ್ಲಿ ಒಬ್ಬರಾದ ನನ್ನ ಚಿಕ್ಕಪ್ಪ ಅರವತ್ತು ತುಂಬುವ ಮೊದಲೇ ದವಡೆಯ ಕ್ಯಾನ್ಸರಿನಲ್ಲಿ ತೀರಿಕೊಂಡರು. ಕೊನೆಯ ಮೂರು ತಿಂಗಳು ಗಂಜಿಯನ್ನೂ ಕೊಳವೆಯಲ್ಲೇ ಹಾಕಬೇಕಾಯಿತು.

ಹೊಗೆಸೊಪ್ಪು ಬೆರೆಸದ ಬರೀ ಅಡಿಕೆಯೂ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿತು. ಅಡಿಕೆಯ ಅನ್ನ ಉಂಡವನು ಈ ಮಾತು ಬರೆಯುವುದು ಸುಲಭವಲ್ಲ. ಆದರೂ ಬರೆಯುತ್ತೇನೆ. ಪೊಟ್ಟಣದ ಪಾನ್ ಮಸಾಲೆ ಅಗಿಯುವ ಹುಡುಗರಲ್ಲಿ ಕೆನ್ನೆಯ ಒಳಗೋಡೆ ಬೆಳ್ಳಗಾಗಿ, ನಾರಿನ ಹಾಗೆ ಬಿಗಿಯುತ್ತ ಬಂದು, ಬಾಯಿ ತೆರೆಯುವುದೇ ಕಷ್ಟವಾಗುವ ಕಾಯಿಲೆ ಇದೆ. ನಿನ್ನ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಾಕಿ ನೋಡು. ಸಲೀಸಾಗಿ ಹೋಗಬೇಕು. ಹೋಗದಿದ್ದರೆ, ಖಾರ ತಿಂದರೆ ಬಾಯಿ ಉರಿಯುತ್ತಿದ್ದರೆ, ಈ ವಾರವೇ ಹಲ್ಲಿನ ಡಾಕ್ಟರ ಬಳಿ ಹೋಗು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಅದಾದ ಮೇಲೆ ಅಂಗಡಿಯಲ್ಲಿ ಮಸಾಲೆಯದೊಂದು, ಹೊಗೆಸೊಪ್ಪಿನದೊಂದು ಹೀಗೆ ಎರಡು ಪೊಟ್ಟಣ ಜೋಡಿಯಾಗಿ ನೇತಾಡತೊಡಗಿದವು. ಕೈಯಲ್ಲಿ ಬೆರೆಸಿದರೆ ಅದೇ ಗುಟ್ಕಾ. ಶಾಲೆಯ ನೂರು ಗಜದೊಳಗೆ ತಂಬಾಕನ್ನು ಮಾರುವಂತಿಲ್ಲ ಎಂದು 2003ರ ಕಾಯಿದೆ ಹೇಳುತ್ತದೆ. ನಮ್ಮ ರಾಜ್ಯ ಈಚೆಗೆ ತಿದ್ದುಪಡಿ ತಂದು 21 ತುಂಬದವರಿಗೆ ತಂಬಾಕು ಮಾರಕೂಡದೆಂದಿದೆ. ಮಕ್ಕಳ ಕೈಗೆ ಹೆಂಡವನ್ನೋ ತಂಬಾಕನ್ನೋ ಗಾಂಜಾವನ್ನೋ ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯಿದೆಯಲ್ಲಿ ಏಳು ವರ್ಷದವರೆಗೆ ಜೈಲಿದೆ. ನಿನ್ನ ಕೈಗೆ ಪೊಟ್ಟಣ ಕೊಟ್ಟ ಅಂಗಡಿಯವನೇ ಅಪರಾಧಿ ಎಂಬುದು ನಿನಗೆ ತಿಳಿದಿರಲಿ. ನಾವು ಇಷ್ಟು ವರ್ಷ ನಿನ್ನ ಚೀಲವನ್ನಷ್ಟೇ ತಡಕಿದೆವು.

ಗಾಂಜಾದ ಮಾತಿಗೆ ಬಂದರೆ ಹುಡುಗರು ನನ್ನೊಡನೆ ವಾದಕ್ಕೆ ನಿಲ್ಲುತ್ತಾರೆ. ಅದು ಸೊಪ್ಪು ತಾನೇ ಸಾರ್, ಕೆಮಿಕಲ್ ಅಲ್ಲವಲ್ಲ, ಸಾಧುಗಳೇ ಸೇದುತ್ತಾರೆ ಎನ್ನುತ್ತಾರೆ. ಬೇಲಿಯ ಉಮ್ಮತ್ತವೂ ಸೊಪ್ಪೇ. ಅದರ ಬೀಜ ತಿಂದರೆ ಏನಾಗುತ್ತದೆ ಎಂಬುದು ನಮ್ಮ ಕಡೆಯ ದನಗಾಹಿ ಹುಡುಗನಿಗೂ ಗೊತ್ತು. ಗಿಡದಲ್ಲಿದ್ದ ಮಾತ್ರಕ್ಕೆ ಸಾಧುವಾಗುವುದಿಲ್ಲ. ಹದಿಹರೆಯದಲ್ಲಿ ಮೇಲಿಂದ ಮೇಲೆ ಗಾಂಜಾ ಸೇದುವವರಲ್ಲಿ ಇಲ್ಲದ ದನಿ ಕೇಳುವ, ಎಲ್ಲರೂ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ ಎನ್ನಿಸುವ ಮನೋರೋಗದ ಅಪಾಯ ಹೆಚ್ಚುತ್ತದೆ. ಮನೆತನದಲ್ಲಿ ಯಾರಿಗಾದರೂ ಆ ಕಾಯಿಲೆ ಇದ್ದಿದ್ದರೆ ಇನ್ನೂ ಹೆಚ್ಚು. ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ಮೊದಲೇ ತಿಳಿಯುವ ಯಾವ ಪರೀಕ್ಷೆಯೂ ಇಲ್ಲ. ಲೆಕ್ಕದಲ್ಲಿ ನೂರಕ್ಕೆ ನೂರು ತೆಗೆಯುತ್ತಿದ್ದ ಒಬ್ಬ ಹುಡುಗ ಇಂಜಿನಿಯರಿಂಗಿನ ಎರಡನೇ ವರ್ಷದಲ್ಲಿ ಮನೆಗೆ ವಾಪಸು ಬಂದ. ಕಿಟಕಿಗೆಲ್ಲ ಪೇಪರ್ ಅಂಟಿಸಿಕೊಂಡು ಕೂತಿದ್ದ. ಚಿಕಿತ್ಸೆಯಿಂದ ಈಗ ಪರವಾಗಿಲ್ಲ. ಆದರೆ ಅವನ ಅಮ್ಮ ಇಂದಿಗೂ ಅವನ ಕೋಣೆಯ ಬಾಗಿಲಿಗೆ ಕಿವಿಗೊಟ್ಟು ಮಲಗುತ್ತಾರೆ.

ಮೂಸುವ ಅಮಲಿನ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ, ಅದಕ್ಕೇ ನಾನು ಹೇಳುತ್ತೇನೆ. ದೆಹಲಿಯ ಏಮ್ಸ್ ಆಸ್ಪತ್ರೆ ದೇಶದಾದ್ಯಂತ ಸಮೀಕ್ಷೆ ನಡೆಸಿ, ಅದರ ವರದಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿತು. ಹೆಂಡ, ಗಾಂಜಾ, ಅಫೀಮು ಎಲ್ಲದರಲ್ಲೂ ದೊಡ್ಡವರೇ ಮುಂದು. ವೈಟ್ನರ್, ಸಲ್ಯೂಷನ್, ಪೆಟ್ರೋಲು ಮೂಸುವುದರಲ್ಲಿ ಮಾತ್ರ ದೊಡ್ಡವರು ಶೇ. 0.58, ಮಕ್ಕಳು ಶೇ. 1.17. ಪೆನ್ನು ಪುಸ್ತಕದ ಅಂಗಡಿಯಲ್ಲಿ, ಪಂಕ್ಚರ್ ಅಂಗಡಿಯಲ್ಲಿ ಸಿಗುವಂಥದ್ದು, ಪೊಲೀಸರ ಭಯವಿಲ್ಲ, ದುಡ್ಡೂ ಕಡಿಮೆ. ಆದರೆ ಅದರ ಆವಿ ಹೃದಯದ ಲಯವನ್ನೇ ತಪ್ಪಿಸಬಲ್ಲದು. ಮೊದಲ ಸಲ ಮೂಸಿದವನೂ ಓಡಿದಾಗಲೋ ಬೆಚ್ಚಿದಾಗಲೋ ಅಲ್ಲೇ ಕುಸಿದು ಸಾಯಬಹುದು. ನನ್ನ ತರಗತಿಯ ಆ ಹುಡುಗ ಬದುಕಿದ್ದು ನನ್ನ ಪುಣ್ಯ. ಅವತ್ತು ನಾನು ಅವನನ್ನು ಹೆದರಿಸಿ, ಕೈ ಹಿಡಿದು ಎಳೆದುಕೊಂಡೇ ಮೆಟ್ಟಿಲು ಹತ್ತಿಸಿದ್ದೆ.

ಈಗ ಒಂದು ತುರ್ತಿನ ಮಾತು. ನಿನ್ನ ಕೋಣೆಯಲ್ಲಿ ಯಾರಾದರೂ ಕುಡಿದೋ ಮಾತ್ರೆ ನುಂಗಿಯೋ ಕರೆದರೂ ಓಗೊಡದೆ ಬಿದ್ದಿದ್ದರೆ, "ಮಲಗಲಿ, ಬೆಳಿಗ್ಗೆ ಸರಿಹೋಗ್ತಾನೆ" ಎಂದು ದೀಪ ಆರಿಸಬೇಡ. ಅಂಗಾತ ಮಲಗಿದವನು ವಾಂತಿ ಮಾಡಿಕೊಂಡರೆ ಅದು ಉಸಿರಿನ ಕೊಳವೆಗೆ ಹೋಗಿ ಸಾಯುತ್ತಾನೆ. ಪಕ್ಕಕ್ಕೆ ಹೊರಳಿಸು. ಮೊಸರು, ನಿಂಬೆಹಣ್ಣು, ಕಾಫಿ ಏನನ್ನೂ ಬಾಯಿಗೆ ಹಾಕಬೇಡ. 108ಕ್ಕೆ ಫೋನು ಮಾಡು, ವಾರ್ಡನ್ನನ್ನು ಎಬ್ಬಿಸು, ಏನು ತೆಗೆದುಕೊಂಡಿದ್ದ ಎಂದು ಡಾಕ್ಟರಿಗೆ ಇದ್ದದ್ದು ಇದ್ದ ಹಾಗೆ ಹೇಳು. ಸಸ್ಪೆಂಡ್ ಆಗುತ್ತೇವೆ, ಮನೆಗೆ ಗೊತ್ತಾಗುತ್ತದೆ ಎಂದು ನಾಲ್ಕು ಜನ ಗೆಳೆಯರು ಪಿಸುಗುಟ್ಟುತ್ತ ಕಳೆಯುವ ಆ ಒಂದು ಗಂಟೆಯಲ್ಲೇ ಐದನೆಯವನು ಹೋಗಿಬಿಡುತ್ತಾನೆ. ಬೈಗುಳ ನಾಳೆ ತಿಂದರಾಯಿತು.

ಅಮಲಿನ ಜೊತೆಜೊತೆಗೇ ಬರುವವು ಕೆಲವಿವೆ. ಮೊದಲು ಸಾಲ. ಪಾಕೆಟ್ ಮನಿ ಮುಗಿದ ಮೇಲೆ ಗೆಳೆಯರ ಬಳಿ, ಆಮೇಲೆ ಮೊಬೈಲಿನ ಸಾಲದ ಆ್ಯಪು, ಅದನ್ನು ತೀರಿಸಲು ಬೆಟ್ಟಿಂಗು. ಅಲ್ಲಿಂದ ಮುಂದೆ ಒಂದು ದಿನ ಬಹಳ ಸಲೀಸಾದ ಮಾತು ಬರುತ್ತದೆ: "ಈ ಪೊಟ್ಟಣ ಅಲ್ಲಿ ಮುಟ್ಟಿಸು, ನಿಂದು ಫ್ರೀ." ಆ ಕ್ಷಣಕ್ಕೆ ನೀನು ಸೇದುವವನಾಗಿ ಉಳಿಯುವುದಿಲ್ಲ. 1985ರ ಮಾದಕ ದ್ರವ್ಯ ಕಾಯಿದೆಯಲ್ಲಿ ಸೇವಿಸುವವನು ಬೇರೆ, ಸಾಗಿಸುವವನು ಬೇರೆ. ಎರಡನೆಯವನ ಶಿಕ್ಷೆ ವರ್ಷಗಳ ಲೆಕ್ಕದ್ದು. ಮಾಲಿನ ಒಡೆಯ ಯಾರೆಂದು ನಿನಗೆ ಗೊತ್ತಿರುವುದಿಲ್ಲ, ಸಿಕ್ಕಿಬೀಳುವುದು ನೀನೇ. ಈ ಮಾತು ಬಂದ ದಿನ ಏನೇ ಆಗಲಿ, ಮನೆಗೆ ಫೋನು ಮಾಡು. ಆ ರಾತ್ರಿಯೇ ಮಾಡು.

ಅಮಲಿನ ಕೆಳಗೆ, ಅಡಿಪಾಯದ ಹಾಗೆ ಇರುವುದು ಇನ್ನೊಂದು. ನೀಟ್‌ನಲ್ಲಿ ಸೀಟು ಬರದಿದ್ದರೆ ಎಂಬ ದಿಗಿಲು. ಇಂಗ್ಲಿಷ್ ಮೀಡಿಯಂನ ಹುಡುಗರ ನಡುವೆ ಬಾಯಿ ಬಿಡಲಾರದ ಹಳ್ಳಿಯ ಹುಡುಗನ ಅವಮಾನ. ಪ್ರೀತಿಸಿದವರು ಬಿಟ್ಟುಹೋದದ್ದು. ನಿದ್ದೆ ಬಾರದ ರಾತ್ರಿಗಳು, ಕಾರಣವಿಲ್ಲದೆ ಅಳು ಬರುವುದು. ಚಿಕ್ಕಂದಿನಲ್ಲಿ ಯಾರೋ ಮೈ ಮುಟ್ಟಬಾರದ ರೀತಿಯಲ್ಲಿ ಮುಟ್ಟಿದ್ದು, ಅದನ್ನು ಇವತ್ತಿನವರೆಗೂ ಬಾಯಿ ಬಿಟ್ಟು ಹೇಳಲಾಗದೆ ಇರುವುದು. ಮೊಬೈಲಿನ ಆಟದಿಂದ ಕಣ್ಣು ಕೀಳಲಾಗದಿರುವುದೂ ಇದೇ ಜಾತಿಯದು. ಅದಕ್ಕೆಂದೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಪ್ರತ್ಯೇಕ ಕ್ಲಿನಿಕ್ ಇದೆ. ನೋವಿಗೆ ಔಷಧಿ ಎಂದುಕೊಂಡು ಹುಡುಗರು ಅಮಲಿಗೆ ಹೋಗುತ್ತಾರೆ. ಅಮಲು ಇಳಿದಾಗ ನೋವು ಅಲ್ಲೇ ಇರುತ್ತದೆ, ಮೇಲೆ ಇನ್ನೊಂದು ನೋವು ಕೂತಿರುತ್ತದೆ. ನಿನ್ನ ಮನೆಯಲ್ಲಿ ಅಪ್ಪ ಕುಡಿಯುವವನಾದರೆ ನನ್ನ ಈ ಮಾತನ್ನು ಎರಡು ಸಲ ಓದು: ಅವನು ಕುಡಿಯುತ್ತಿರುವುದು ನಿನ್ನಿಂದಲ್ಲ, ನೀನು ಒಳ್ಳೆಯ ಮಾರ್ಕ್ಸ್ ತೆಗೆದರೆ ಅವನು ಬಿಡುವುದೂ ಇಲ್ಲ. ಅವನ ಕಾಯಿಲೆಯ ಜವಾಬ್ದಾರಿ ಹೊರಲು ನಿನ್ನ ಹೆಗಲು ಇನ್ನೂ ಸಣ್ಣದು. ಆದರೆ ರಕ್ತದಲ್ಲಿ ಆ ಒಲವು ಸ್ವಲ್ಪ ಇಳಿದುಬರುತ್ತದೆ. ಹಾಗಾಗಿ ಬೇರೆಯವರಿಗೆ ಒಂದು ಪೆಗ್ ಆಟವಾದರೂ ನಿನಗೆ ಆಟವಲ್ಲ.

ಆಗಲೇ ಶುರುವಾಗಿಬಿಟ್ಟಿದ್ದರೆ? ಇದನ್ನು ಓದುತ್ತಿರುವವರಲ್ಲಿ ಕೆಲವರಾದರೂ ಅಂಥವರಿರುತ್ತೀರಿ. ನಿಮಗಾಗಿಯೇ ನಾನು ಇಷ್ಟೆಲ್ಲ ಬರೆಯಲು ಕೂತದ್ದು.

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಡಾ. ಮಹಾಂತ ಸ್ವಾಮೀಜಿ ಎಂಬುವರಿದ್ದರು. ಜೋಳಿಗೆ ಹಿಡಿದು ಊರೂರು ತಿರುಗುತ್ತಿದ್ದರು. ಮಠದ ಸ್ವಾಮಿಗಳು ಜೋಳಿಗೆ ಹಿಡಿಯುವುದು ಕಾಳುಕಡಿಗೆ. ಇವರು ಜನರ ಮುಂದೆ ಜೋಳಿಗೆ ಒಡ್ಡಿ, ನಿಮ್ಮ ಚಟವನ್ನು ಇದರೊಳಗೆ ಹಾಕಿ ಎಂದು ಕೇಳುತ್ತಿದ್ದರು. ಜನ ಬೀಡಿಕಟ್ಟು, ತಂಬಾಕಿನ ಚೀಲ ಹಾಕಿ ಕೈಮುಗಿಯುತ್ತಿದ್ದರು. ಅದು ಮಹಾಂತ ಜೋಳಿಗೆ ಎಂದೇ ಹೆಸರಾಯಿತು. ಅವರ ಹುಟ್ಟಿದ ದಿನವಾದ ಆಗಸ್ಟ್ 1ನ್ನು ನಮ್ಮ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಅವರ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ತಾಗುವುದು ಒಂದೇ ವಿಷಯ. ಅವರು ಯಾರ ಚೀಲವನ್ನೂ ತಡಕಲಿಲ್ಲ. ತಮ್ಮ ಚೀಲವನ್ನು ತೆರೆದು ನಿಂತರು.

ನಿನ್ನ ಸುತ್ತ ಅಂಥವರು ಯಾರು ಎಂದು ನೋಡಿಕೊ. ಅಮ್ಮ ಇರಬಹುದು, ಸೋದರಮಾವ ಇರಬಹುದು, ಅಕ್ಕ, ಲೈಬ್ರರಿಯನ್, ಪಿ.ಟಿ. ಮೇಷ್ಟ್ರು. ಬೈದರೂ ಪರವಾಗಿಲ್ಲ, ಬೈದು ಮುಗಿಸಿದ ಮೇಲೆ ಜೊತೆಗೆ ಬರುವವರಾದರೆ ಸಾಕು. "ನಾನು ಇದನ್ನ ಬಿಡಬೇಕು, ಒಬ್ಬನಿಗೇ ಆಗ್ತಿಲ್ಲ" ಎಂಬ ಒಂದೇ ವಾಕ್ಯ ಹೇಳು. ಅಂಥವರು ಯಾರೂ ಸಿಗಲಿಲ್ಲವೇ, 14416ಕ್ಕೆ ಫೋನು ಮಾಡು. ಅದು ಟೆಲಿ ಮಾನಸ್, 2022ರ ಅಕ್ಟೋಬರಿನಿಂದ ಇದೆ. ಹಗಲು ರಾತ್ರಿ ಯಾವಾಗ ಮಾಡಿದರೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮಾದಕ ವಸ್ತುವಿಗೆಂದೇ 14446 ಇದೆ. ತಂಬಾಕು ಬಿಡಲು ನೆರವಾಗುವ ನಂಬರು ಸಿಗರೇಟು ಪ್ಯಾಕಿನ ಮೇಲೆಯೇ ಅಚ್ಚಾಗಿದೆ, 1800-11-2356. ಮನೆಯಲ್ಲಿ ಹೊಡೆತ ಬಡಿತ ಇದ್ದರೆ 1098. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. ಹದಿಹರೆಯದವರಿಗೆಂದೇ ಸ್ನೇಹಾ ಕ್ಲಿನಿಕ್‌ಗಳಿವೆ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಒಂದು ವಿಭಾಗವಿದೆ. 2017ರ ಮಾನಸಿಕ ಆರೋಗ್ಯ ಕಾಯಿದೆ ಮದ್ಯ ಮತ್ತು ಮಾದಕ ವಸ್ತುಗಳಿಂದಾಗುವ ಮನಸ್ಸಿನ ತೊಂದರೆಯನ್ನು ಕಾಯಿಲೆಯೆಂದೇ ಪರಿಗಣಿಸುತ್ತದೆ. ಡಾಕ್ಟರು ನಿನ್ನ ವಿಷಯವನ್ನು ಕಂಡಕಂಡವರಿಗೆ ಹೇಳುವಂತಿಲ್ಲ.

ಒಂದು ಎಚ್ಚರ. ದಿನಾ ಕುಡಿಯುವವನು ಹಟಕ್ಕೆ ಬಿದ್ದು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗಿ, ಮೈ ಬೆವೆತು, ಫಿಟ್ಸ್ ಬರಬಹುದು. ಬಿಡುವುದನ್ನು ಡಾಕ್ಟರ ಕಣ್ಣೆದುರಿಗೇ ಮಾಡಬೇಕು. ಕಟ್ಟಿಹಾಕಿ, ಹೊಡೆದು ಬಿಡಿಸುತ್ತೇವೆ ಎನ್ನುವ ಜಾಗಗಳಿಗೆ ಮಾತ್ರ ಹೋಗಬೇಡ, ಗೆಳೆಯನನ್ನೂ ಕಳಿಸಬೇಡ. ಇನ್ನು, ಎರಡು ತಿಂಗಳು ಚಟ ಬಿಟ್ಟಿದ್ದು, ಒಂದು ದಿನ ಹಳೆಯ ಗೆಳೆಯರು ಸಿಕ್ಕಿ, ಅದೇ ತಾರಸಿ, ಅದೇ ವಾಸನೆ, ಕೈ ಮುಂದೆ ಹೋಗಿಬಿಟ್ಟಿತು ಎಂದಿಟ್ಟುಕೊ. ಆ ಎರಡು ತಿಂಗಳು ನಷ್ಟವಾಗಲಿಲ್ಲ. ಮೆದುಳು ಆ ಜಾಗವನ್ನೂ ವಾಸನೆಯನ್ನೂ ನೆನಪಿಟ್ಟಿರುತ್ತದೆ, ಅದಕ್ಕೇ ಹಾಗಾಯಿತು. ಮಾರನೆಯ ಬೆಳಿಗ್ಗೆಯೇ ಹೋಗಿ ನಿನ್ನ ಆ ಒಬ್ಬರಿಗೆ ಹೇಳು. ಜಾರಿದ್ದನ್ನು ಮುಚ್ಚಿಟ್ಟವನೇ ಹೆಚ್ಚಾಗಿ ಪೂರ್ತಿ ಮರಳಿ ಹೋಗುವುದು.

ಗೆಳೆಯ ಸಿಕ್ಕಿಬಿದ್ದಿದ್ದಾನೆ ಎಂದು ನಿನಗೆ ಗೊತ್ತಾದರೆ ಅವನನ್ನು ಬಿಟ್ಟು ದೂರ ಕೂರಬೇಡ. ಆದರೆ ದುಡ್ಡು ಕೊಡಬೇಡ, ಅವನ ಪರವಾಗಿ ಹಾಜರಿ ಹಾಕಬೇಡ, ಅವನ ಅಮ್ಮ ಫೋನು ಮಾಡಿದಾಗ ಸ್ನಾನಕ್ಕೆ ಹೋಗಿದ್ದಾನೆ ಎನ್ನಬೇಡ. ಅವನಿಗೇ ಹೇಳಿ, ದೊಡ್ಡವರೊಬ್ಬರಿಗೆ ವಿಷಯ ಮುಟ್ಟಿಸು. ಚಾಡಿ ಹೇಳಿದೆ ಎಂದು ಆರು ತಿಂಗಳು ಮಾತು ಬಿಡಬಹುದು. ಬಿಡಲಿ.

ಈ ಬರಹ ನಿನ್ನ ಅಪ್ಪ ಅಮ್ಮನ ಕೈಗೂ ಹೋಗುತ್ತದೆ ಎಂದುಕೊಂಡು ಅವರಿಗೂ ಎರಡು ಮಾತು. ಮಗ ಕೋಣೆಯ ಬಾಗಿಲು ಹಾಕಿಕೊಳ್ಳುವುದು ಹೆಚ್ಚಾಗಿದ್ದರೆ, ಹಳೆಯ ಗೆಳೆಯರು ಮಾಯವಾಗಿ ಹೊಸಬರು ಬಂದಿದ್ದರೆ, ಮನೆಯಲ್ಲಿ ಸಣ್ಣಪುಟ್ಟ ದುಡ್ಡು ಕಾಣೆಯಾಗುತ್ತಿದ್ದರೆ, ನಿದ್ದೆ ಊಟದ ಹೊತ್ತು ತಿರುಗಾಮುರುಗಾ ಆಗಿದ್ದರೆ, ಮೊದಲ ದಿನ ಕೈ ಎತ್ತಬೇಡಿ. ಊಟ ಬಡಿಸಿ, ಎದುರಿಗೆ ಕೂತು, ಯಾಕೋ ಮಗಾ ಎಂದು ಕೇಳಿ. ಕೇಳಿದ ಮೇಲೆ ಸುಮ್ಮನಿರಿ. ಆ ಸುಮ್ಮನಿರುವುದು ನನಗೆ ಮೂವತ್ತೆರಡು ವರ್ಷ ಬರಲಿಲ್ಲ.

ಆ ವೆಲ್ಡಿಂಗ್ ಅಂಗಡಿಯ ಹುಡುಗನ ಮಗಳು ಈಗ ನಾಲ್ಕನೇ ತರಗತಿ. ಭಾನುವಾರ ನನ್ನ ಬಳಿ ಲೆಕ್ಕ ಕಲಿಯಲು ಬರುತ್ತಾಳೆ. ಅವಳನ್ನು ಬಿಡಲು ಬಂದಾಗ ಅವನು ಜಗುಲಿಯ ಮೇಲೆ ಕೂರುತ್ತಾನೆ. ಸಲ್ಯೂಷನ್ ಬಿಟ್ಟದ್ದು ಹೇಗೆ ಎಂದು ಒಂದು ದಿನ ಕೇಳಿದೆ. ಯಾವ ಗ್ಯಾರೇಜಿನಲ್ಲಿ ಕೆಲಸಕ್ಕೆ ಸೇರಿದ್ದನೋ ಅಲ್ಲಿನ ಮುದುಕ ಮೇಸ್ತ್ರಿ ಇವನ ಕೈಯಿಂದ ಟ್ಯೂಬು ತೆಗೆದುಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕಿ, "ರಾತ್ರಿ ನಮ್ಮನೇಲಿ ಮಲಗು, ನಿಮ್ಮನೆಗೆ ಹೋಗ್ಬೇಡ" ಎಂದಿದ್ದನಂತೆ. ಎಂಟು ತಿಂಗಳು ಅಲ್ಲೇ ಮಲಗಿದ್ದನಂತೆ.

ನಮ್ಮ ಮನೆ ಬಸ್‌ಸ್ಟ್ಯಾಂಡಿನಿಂದ ಹತ್ತು ನಿಮಿಷದ ದಾರಿ. ಊರಲ್ಲಿ ಮೇಷ್ಟ್ರ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ. ರಾತ್ರಿ ಹತ್ತೂವರೆಗೆ ಒಳಚಿಲಕ ಹಾಕುತ್ತೇವೆ. ಅದಾದ ಮೇಲೆ ಬಂದರೆ ಪಕ್ಕದ ಕಿಟಕಿ ತಟ್ಟು. ನನಗೆ ನಿದ್ದೆ ಕಡಿಮೆ.